ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಸ್ಕ್ರಿಪ್ಟ್ ಫೈಲ್ ಸಿಗ್ತಿಲ್ಲ ಅಂತ ಬಾಕ್ಸ್, ಸರ್ವೀಸಸ್‌ನಲ್ಲಿ ಗೊತ್ತಿಲ್ಲದ ಹೆಸರು – ಇದು ವೈರಸ್ಸಾ?

ಬೇಲೂರು_ಜೆರಾಕ್ಸ್

ಎಲ್ಲರಿಗೂ ನಮಸ್ಕಾರ. ಬೇಲೂರಲ್ಲಿ ನಂದೊಂದು ಜೆರಾಕ್ಸ್ ಅಂಗಡಿ ಇದೆ, ಜೊತೆಗೆ ಆನ್‌ಲೈನ್ ಅರ್ಜಿನೂ ಹಾಕ್ಕೊಡ್ತೀನಿ, ಪಹಣಿ, ಜಾತಿ ಆದಾಯ, ಸೇವಾ ಸಿಂಧು, ಹಾಲ್ ಟಿಕೆಟ್, ಕರೆಂಟ್ ಬಿಲ್ಲು, ಎಲ್ಲಾ ಒಂದೇ ಕಂಪ್ಯೂಟರಲ್ಲಿ ನಡೀಬೇಕು. ಸಿಸ್ಟಮ್ ಹಳೇದು, ಐ3 ಆರನೇ ಜನರೇಷನ್, 8 ಜಿಬಿ ರ‍್ಯಾಮ್, ವಿಂಡೋಸ್ 10.

ಇತ್ತೀಚೆಗೆ ಬೆಳಿಗ್ಗೆ ಆನ್ ಮಾಡಿದ್ರೆ ಡೆಸ್ಕ್‌ಟಾಪ್ ಬಂದ ಕೂಡ್ಲೇ ಒಂದು ಚಿಕ್ಕ ಬಾಕ್ಸ್ ಬರುತ್ತೆ. ಮೇಲೆ ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್ ಅಂತ ಇರುತ್ತೆ, ಒಳಗೆ ಕ್ಯಾನ್ ನಾಟ್ ಫೈಂಡ್ ಸ್ಕ್ರಿಪ್ಟ್ ಫೈಲ್ ಅಂತ ಹೇಳಿ ಸಿ ಡ್ರೈವ್, ಯೂಸರ್ಸ್, ಆಪ್‌ಡೇಟಾ, ರೋಮಿಂಗ್ ಅಂತ ಉದ್ದಕ್ಕೆ ಬರ್ಕೊಂಡು ಕೊನೇಲಿ ತಲೆಬುಡ ಇಲ್ಲದ ಅಕ್ಷರಗಳು, ಆಮೇಲೆ ಡಾಟ್ ವಿಬಿಎಸ್. ಓಕೆ ಒತ್ತಿದ್ರೆ ಹೋಗುತ್ತೆ, ಆ ದಿನ ಮತ್ತೆ ಬರಲ್ಲ. ಅದರ ಹಿಂದೆನೇ ಒಂದು ಕಪ್ಪು ಕಿಟಕಿ ಮಿಂಚಿದ ಹಾಗೆ ಬಂದು ಮಾಯ ಆಗುತ್ತೆ, ಓದೋಕೂ ಆಗಲ್ಲ.

ಒಂದು ವಿಡಿಯೋ ನೋಡಿ ಸರ್ವೀಸಸ್ (ಹಿಂದೆ ತಾವಾಗೇ ಓಡೋ ಪ್ರೋಗ್ರಾಮ್‌ಗಳ ಪಟ್ಟಿ) ತೆಗೆದೆ. ಅಲ್ಲಿ ಡಿಸ್ಕ್ರಿಪ್ಷನ್ ಏನೂ ಇಲ್ಲದ ಎರಡು ಹೆಸರು ಕಂಡವು. ಒಂದು ವಿನ್ ಅಪ್‌ಡೇಟ್ ಹೆಲ್ಪರ್ ಅಂತ, ಆಟೋಮ್ಯಾಟಿಕ್ ಅಂತ ಇದೆ ಆದ್ರೆ ಓಡ್ತಿಲ್ಲ, ಸ್ಟಾರ್ಟ್ ಕೊಟ್ರೆ ಎರರ್ 2, ದಿ ಸಿಸ್ಟಮ್ ಕ್ಯಾನಾಟ್ ಫೈಂಡ್ ದಿ ಫೈಲ್ ಸ್ಪೆಸಿಫೈಡ್ ಅನ್ನುತ್ತೆ. ಇನ್ನೊಂದರ ಹೆಸರಲ್ಲಿ ಆರ್‌ಡಿ ಅಂತಿದೆ, ಅದು ರನ್ನಿಂಗ್. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಸ್‌ವಿಸಿಹೋಸ್ಟ್ ಅಂತ ಒಂದೇ ಹೆಸರು ಎಣಿಸೋಕಾಗದಷ್ಟು ಸಲ ಇದೆ, ಅದನ್ನ ನೋಡಿನೇ ಜೀವ ಬಾಯಿಗೆ ಬಂತು.

ಎರಡೂ ಸರ್ವೀಸ್ ಡಿಲೀಟ್ ಮಾಡಿಬಿಡ್ಲಾ? ಜನರ ಆಧಾರ್ರು, ಬ್ಯಾಂಕ್ ಪಾಸ್‌ಬುಕ್ಕು ಎಲ್ಲಾ ಸ್ಕ್ಯಾನ್ ಮಾಡೋ ಮಿಷನ್ನು, ಅದಕ್ಕೇ ಭಯ. ಗೊತ್ತಿರೋರು ಹೇಳಿ.

ಸುಮ್ನೆ_ಬಂದೆ

ಫಾರ್ಮ್ಯಾಟ್ ಹೊಡೀರಿ. ಒಂದು ಗಂಟೆ ಕೆಲ್ಸ.

ಟೆಕ್_ಗೌಡ್ರು

ಅಕ್ಕ ಅಷ್ಟೊಂದು ಎಸ್‌ವಿಸಿಹೋಸ್ಟ್ ಇರಬಾರದು, ನಮ್ಮ ಹಳೇ ವಿಂಡೋಸ್ 7ರಲ್ಲಿ ಹತ್ತು ಹದಿನೈದು ಇರ್ತಿತ್ತು ಅಷ್ಟೇ. ಒಂದೊಂದಾಗಿ ಎಂಡ್ ಟಾಸ್ಕ್ ಕೊಡಿ, ಯಾವುದು ಹೋಗಲ್ವೋ ಅದೇ ವೈರಸ್. ಇಲ್ಲಾಂದ್ರೆ ಯಾವುದಾದ್ರೂ ಪಿಸಿ ಕ್ಲೀನರ್ ಡೌನ್‌ಲೋಡ್ ಮಾಡಿ ಸ್ಕ್ಯಾನ್ ಕೊಡಿ, ಫ್ರೀ ಸಿಗುತ್ತೆ.

ಕೊಪ್ಪದೋನು

ಗೌಡ್ರೇ, ಎಂತ ಮಾರಾಯ್ರೆ ಇದು. ದಯವಿಟ್ಟು ಅದನ್ನ ಮಾಡ್ಬೇಡಿ ಮೇಡಂ, ಎಸ್‌ವಿಸಿಹೋಸ್ಟ್‌ಗಳನ್ನ ಸಿಕ್ಕಾಪಟ್ಟೆ ಎಂಡ್ ಮಾಡಿದ್ರೆ ನೆಟ್ ಹೋಗ್ತದೆ, ಸೌಂಡ್ ಹೋಗ್ತದೆ, ಕೆಲವನ್ನ ಮುಟ್ಟಿದ್ರೆ ನೀಲಿ ಸ್ಕ್ರೀನೇ ಬರ್ತದೆ. ಪಿಸಿ ಕ್ಲೀನರ್ ಅಂತೂ ಬೇಡವೇ ಬೇಡ, ಇರೋ ರೋಗದ ಮೇಲೆ ಇನ್ನೊಂದು.

ಎಸ್‌ವಿಸಿಹೋಸ್ಟ್ ಅಂದ್ರೆ ವಿಂಡೋಸಿನ ಸರ್ವೀಸ್‌ಗಳನ್ನ ಹೊತ್ತುಕೊಂಡು ಓಡಿಸೋ ಪ್ರೋಗ್ರಾಮ್ ಅಷ್ಟೇ. ಮುಂಚೆ ಒಂದರೊಳಗೆ ಎಂಟು ಹತ್ತು ಸರ್ವೀಸ್ ಗುಂಪಾಗಿ ಇರ್ತಿದ್ವು. 2017ರಲ್ಲಿ ಬಂದ ವಿಂಡೋಸ್ 10ರ 1703 ವರ್ಷನ್‌ನಿಂದ 3.5 ಜಿಬಿಗಿಂತ ಜಾಸ್ತಿ ರ‍್ಯಾಮ್ ಇರೋ ಮಿಷನ್‌ಗಳಲ್ಲಿ ಹೆಚ್ಚಿನ ಸರ್ವೀಸಿಗೆ ಒಂದೊಂದು ಬೇರೆ ಬೇರೆ ಕೊಟ್ರು, ಒಂದು ಬಿದ್ರೆ ಉಳಿದದ್ದು ಬೀಳಬಾರದು ಅಂತ. ಹಾಗಾಗಿ 8 ಜಿಬಿ ಮಿಷನ್‌ನಲ್ಲಿ ಐವತ್ತು ಎಪ್ಪತ್ತು ಇದ್ರೆ ಅದು ಸರಿಯೇ. ನೋಡ್ಬೇಕಾದ್ದು ಲೆಕ್ಕ ಅಲ್ಲ, ಅದು ಎಲ್ಲಿಂದ ಓಡ್ತಿದೆ ಅನ್ನೋದು. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ರೈಟ್ ಕ್ಲಿಕ್ ಮಾಡಿ ಓಪನ್ ಫೈಲ್ ಲೊಕೇಷನ್ ಕೊಟ್ರೆ ವಿಂಡೋಸ್ ಫೋಲ್ಡರ್ ಒಳಗಿನ ಸಿಸ್ಟಮ್32 ತೆರೀಬೇಕು, ಅಪರೂಪಕ್ಕೆ ಸಿಸ್‌ವಾವ್64. ಬೇರೆ ಎಲ್ಲಾದ್ರೂ ತೆರೆದ್ರೆ, ಅಥವಾ ಸ್ಪೆಲ್ಲಿಂಗ್‌ನಲ್ಲಿ ವಿ ಮತ್ತು ಸಿ ಹಿಂದುಮುಂದಾಗಿ ಬರೆದಿದ್ರೆ, ಆಗ ಮಾತಾಡುವ.

ಇನ್ನು ಆ ಬಾಕ್ಸು. ವಿಬಿಎಸ್ ಫೈಲ್ (ವಿಂಡೋಸಿಗೆ ಕೆಲಸ ಹೇಳೋ ಸ್ಕ್ರಿಪ್ಟ್) ಸಿಗ್ತಿಲ್ಲ ಅಂತ ವಿಂಡೋಸ್ ದೂರು ಹೇಳ್ತಿದೆ ಅಂದ್ರೆ ಆ ಫೈಲನ್ನ ಆ್ಯಂಟಿವೈರಸ್ ಯಾವಾಗ್ಲೋ ತೆಗೆದುಹಾಕಿದೆ, ಬೆಳಿಗ್ಗೆ ಆನ್ ಆದಾಗ ಅದನ್ನ ಓಡಿಸು ಅಂತ ಬರೆದಿಟ್ಟ ಸಾಲು ಮಾತ್ರ ಉಳಿದಿದೆ. ಆ ವಿನ್ ಅಪ್‌ಡೇಟ್ ಹೆಲ್ಪರ್ ಸರ್ವೀಸ್ ಕತೆನೂ ಅದೇ, ಎರರ್ 2 ಅಂದ್ರೆ ಹೆಸರು ಇದೆ ಫೈಲ್ ಇಲ್ಲ. ಎರಡೂ ಸತ್ತವು. ಕೂಗೋದು ಅವೇ ಆದ್ರಿಂದ ನಿಮ್ಮ ಗಮನ ಅವುಗಳ ಮೇಲೆ. ನಂಗೆ ಚಿಂತೆ ಇರೋದು ಆ ಕಪ್ಪು ಕಿಟಕಿದು, ಅದು ಎರರ್ ಏನೂ ಕೊಡ್ತಿಲ್ಲ ಅಂದ್ರೆ ಅದರ ಕೆಲಸ ಆಗ್ತಾ ಇದೆ ಅಂತ.

ಯಾವುದನ್ನೂ ಡಿಲೀಟ್ ಮಾಡೋ ಮುಂಚೆ ಇಷ್ಟು ನೋಡಿ ಹೇಳಿ, ನೆಟ್ ಕೇಬಲ್ ಕಿತ್ತಿಟ್ಟೇ ನೋಡಿ:

ಸರ್ವೀಸಸ್‌ನಲ್ಲಿ ಆ ಎರಡೂ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಪಾತ್ ಟು ಎಕ್ಸಿಕ್ಯೂಟಬಲ್ ಅಂತ ಇರ್ತದೆ, ಅದರಲ್ಲಿ ಏನು ಬರೆದಿದೆ.

ವಿಂಡೋಸ್ ಸೆಕ್ಯುರಿಟಿ ತೆಗೆದು ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಏನೇನು ಹಿಡಿದಿದೆ. ಅಲ್ಲೇ ಮ್ಯಾನೇಜ್ ಸೆಟ್ಟಿಂಗ್ಸ್ ಒಳಗೆ ಕೆಳಗಡೆ ಎಕ್ಸ್‌ಕ್ಲೂಷನ್ಸ್ ಅಂತ ಇದೆ, ಅಂದ್ರೆ ಸ್ಕ್ಯಾನ್ ಮಾಡ್ಬೇಡ ಅಂತ ಬಿಟ್ಟಿರೋ ಜಾಗಗಳ ಪಟ್ಟಿ, ಅದರಲ್ಲಿ ಯಾವುದಾದ್ರೂ ಫೋಲ್ಡರ್ ಸೇರಿಸಿದ್ದಾರಾ. ಇದನ್ನ ಯಾರೂ ನೋಡೋದೇ ಇಲ್ಲ.

ಟಾಸ್ಕ್ ಶೆಡ್ಯೂಲರ್‌ನಲ್ಲಿ (ಯಾವಾಗ ಯಾವ ಪ್ರೋಗ್ರಾಮ್ ತಾನಾಗೇ ಓಡ್ಬೇಕು ಅಂತ ಇಡೋ ಜಾಗ) ಲೈಬ್ರರಿ ಮೇಲೆ ಕ್ಲಿಕ್ ಮಾಡಿ, ಟ್ರಿಗರ್ ಕಾಲಮ್‌ನಲ್ಲಿ ಅಟ್ ಲಾಗ್ ಆನ್ ಅಂತ ಇರೋವನ್ನ ಒಂದೊಂದೇ ಆರಿಸಿ ಆ್ಯಕ್ಷನ್ಸ್ ಟ್ಯಾಬ್ ನೋಡಿ.

ಕೊನೇದಾಗಿ ಇವೆಂಟ್ ವ್ಯೂವರ್, ವಿಂಡೋಸ್ ಲಾಗ್ಸ್, ಸಿಸ್ಟಮ್. ಬಲಗಡೆ ಫಿಲ್ಟರ್ ಕೊಟ್ಟು 7045 ಅಂತ ಹಾಕಿ. ಹೊಸ ಸರ್ವೀಸ್ ಇನ್‌ಸ್ಟಾಲ್ ಆದಾಗಲೆಲ್ಲ ವಿಂಡೋಸ್ ಆ ನಂಬರಲ್ಲಿ ತಾರೀಖು ಸಮೇತ ಬರೆದಿಡ್ತದೆ. ಸರ್ವೀಸ್ ಸ್ಟಾರ್ಟ್ ಆಗದೆ ಸೋತದ್ದು 7000ದಲ್ಲಿ ಸಿಗ್ತದೆ, ಅದು ನಿಮಗೆ ದಿನಾ ಒಂದು ಬಿದ್ದಿರ್ತದೆ, ಅದು ಬಿಡಿ. 7045ರ ತಾರೀಖು ಮುಖ್ಯ.

ಅರಸೀಕೆರೆ_ಆನ್‌ಲೈನ್

ನಾನೂ ಇದೇ ಕಸುಬು ಅಕ್ಕ. ಆರ್‌ಡಿ ಅಂತ ಇರೋದನ್ನ ಮಾತ್ರ ಮುಟ್ಬೇಡಿ! ಅದು ನಿಮ್ಮ ಬೆರಳಚ್ಚು ಮಿಷನ್‌ದು, ಆಧಾರ್ ದೃಢೀಕರಣ ಮಾಡೋವಾಗ ಬೆರಳು ಇಡ್ತಾರಲ್ಲ ಅದು. ಆರ್‌ಡಿ ಅಂದ್ರೆ ರಿಜಿಸ್ಟರ್ಡ್ ಡಿವೈಸ್, ಆಧಾರ್ ಕೊಡೋ ಯುಐಡಿಎಐ ನಿಯಮದ ಪ್ರಕಾರ ಬೆರಳಚ್ಚು ಎನ್‌ಕ್ರಿಪ್ಟ್ ಆಗಿಯೇ ಆ ಸರ್ವೀಸ್ ಮೂಲಕ ಹೊರಗೆ ಹೋಗ್ಬೇಕು. ಅದು ಹಿಂದೆ ಓಡ್ತಾ ಇಲ್ಲ ಅಂದ್ರೆ ವೆಬ್‌ಸೈಟಲ್ಲಿ ಕ್ಯಾಪ್ಚರ್ ಒತ್ತಿದ್ರೆ ಡಿವೈಸ್ ನಾಟ್ ಫೌಂಡ್ ಅಂತ ಬತ್ತದೆ, ಸಾಲಲ್ಲಿ ಇಪ್ಪತ್ತು ಜನ ನಿಂತಿರ್ತಾರೆ ಆಗ ಗೊತ್ತಾಯ್ತದೆ ಕಷ್ಟ. ನಮ್ಮೂರಲ್ಲಿ ಒಬ್ಬ ಇದನ್ನ ವೈರಸ್ ಅಂತ ಕಿತ್ತುಹಾಕಿ ಆಮೇಲೆ ಡ್ರೈವರ್ರು, ರಿಜಿಸ್ಟ್ರೇಷನ್ನು ಅಂತ ಒಂದು ವಾರ ಒದ್ದಾಡಿದ. ಅದಕ್ಕೆ ಡಿಸ್ಕ್ರಿಪ್ಷನ್ ಬರೆಯೋಕೆ ಕಂಪನಿಯೋರಿಗೆ ಸೋಮಾರಿತನ ಅಷ್ಟೇಯ.

ಮತ್ತೆ ಒಂದು ಕೇಳ್ಬೇಕು, ಗಿರಾಕಿಗಳ ಪೆನ್‌ಡ್ರೈವ್ ಹಾಕಿದಾಗ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣ್ತವಾ, ಮೂಲೇಲಿ ಬಾಣದ ಗುರ್ತು ಇರೋ ಥರ?

ಬೇಲೂರು_ಜೆರಾಕ್ಸ್

ತುಂಬಾ ಉಪಕಾರ ಆಯ್ತು. ಹೌದು ಸರ್, ಪೆನ್‌ಡ್ರೈವ್‌ನಲ್ಲಿ ಶಾರ್ಟ್‌ಕಟ್ ಆಗೋದು ಎಲ್ಲಾ ಜೆರಾಕ್ಸ್ ಅಂಗಡೀಲೂ ಇರೋದೇ ಅಂದ್ಕೊಂಡಿದ್ದೆ.

ನೋಡಿದ್ದನ್ನ ಬರೀತೀನಿ. ಆರ್‌ಡಿದು ಪ್ರೋಗ್ರಾಮ್ ಫೈಲ್ಸ್ ಒಳಗೆ ಬೆರಳಚ್ಚು ಮಿಷನ್ ಕಂಪನಿ ಹೆಸರಿನ ಫೋಲ್ಡರ್ ತೋರಿಸ್ತು, ಸರಿ ಅದು ಬಿಟ್ಟೆ. ಹೆಲ್ಪರ್‌ದು ವಿಂಡೋಸ್ ಒಳಗೆ ಟೆಂಪ್ ಫೋಲ್ಡರ್, ಅಲ್ಲಿ ಹೋಗಿ ನೋಡಿದ್ರೆ ಆ ಹೆಸರಿನ ಫೈಲ್ ಇಲ್ಲ. ಪ್ರೊಟೆಕ್ಷನ್ ಹಿಸ್ಟರೀಲಿ ಒಂದು ಟ್ರೋಜನ್ ಅಂತ, ಇನ್ನೊಂದು ಹ್ಯಾಕ್‌ಟೂಲ್ ವಿನ್32 ಆಟೋಕೆಎಂಎಸ್ ಅಂತ ಕೆಂಪಕ್ಷರದಲ್ಲಿ. ಎಕ್ಸ್‌ಕ್ಲೂಷನ್ಸ್‌ನಲ್ಲಿ ಎರಡು ಇದ್ವು, ಸಿ ಡ್ರೈವ್‌ನ ಪ್ರೋಗ್ರಾಮ್‌ಡೇಟಾ ಪೂರ್ತಿ ಫೋಲ್ಡರ್ರು, ಮತ್ತೆ ಡಿ ಡ್ರೈವ್‌ನ ಸಾಫ್ಟ್‌ವೇರ್ಸ್ ಫೋಲ್ಡರ್ರು. ಇದನ್ನ ನಾನು ಸೇರಿಸಿಲ್ಲ, ಆ ಜಾಗ ಇದೆ ಅಂತನೇ ಗೊತ್ತಿರಲಿಲ್ಲ.

ಶೆಡ್ಯೂಲರಲ್ಲಿ ಬ್ರೌಸರ್ ಅಪ್‌ಡೇಟ್ ಥರದವು ಬಿಟ್ರೆ ಎರಡು ವಿಚಿತ್ರ. ಒಂದರಲ್ಲಿ ಡಬ್ಲ್ಯೂಸ್ಕ್ರಿಪ್ಟ್ ಅಂತ ಇದ್ದು ಮುಂದೆ ಅದೇ ವಿಬಿಎಸ್ ಫೈಲಿನ ಹೆಸರು. ಇನ್ನೊಂದರಲ್ಲಿ ಪವರ್‌ಶೆಲ್ ಅಂತ, ಮುಂದೆ ಹಿಡನ್ ಅಂತ ಒಂದು ಪದ, ಆಮೇಲೆ ಅಕ್ಷರ ಅಂಕಿ ಕಲಸಿದ ಸಾಲು, ಬಾಣದ ಕೀ ಒತ್ತಿ ಒತ್ತಿ ಬಲಕ್ಕೆ ಹೋದ್ರೂ ಮುಗಿಯೋದೇ ಇಲ್ಲ, ಕೊನೇಲಿ ಎರಡು ಈಸ್ ಈಕ್ವಲ್ ಟು ಗುರ್ತು.

7045ರಲ್ಲಿ ಹೆಲ್ಪರ್ ಹೆಸರು ಸಿಕ್ತು. ಆ ತಾರೀಖು ನೋಡಿ ಬಿಲ್ಲು ಹುಡುಕಿದೆ, ಹಾಸನದ ಒಂದು ಕಂಪ್ಯೂಟರ್ ಅಂಗಡೀಲಿ ಫಾರ್ಮ್ಯಾಟ್ ಮಾಡಿಸಿ ವಿಂಡೋಸು ಆಫೀಸು ಫುಲ್ ವರ್ಷನ್ ಹಾಕಿಸಿಕೊಂಡು ಬಂದಿದ್ದೆವಲ್ಲ, ಅದೇ ದಿನ ಮಧ್ಯಾಹ್ನ!

ಕೊಪ್ಪದೋನು

ಇಷ್ಟು ಚೆನ್ನಾಗಿ ನೋಡಿ ಬರೆದೋರು ಈ ಗುಂಪಲ್ಲಿ ಕಮ್ಮಿ ಮೇಡಂ. ಈಗ ಚಿತ್ರ ಪೂರ್ತಿ ಆಯ್ತು.

ಆಟೋಕೆಎಂಎಸ್ ಅಂತ ಡಿಫೆಂಡರ್ (ವಿಂಡೋಸಿನದೇ ಆ್ಯಂಟಿವೈರಸ್) ಹೇಳೋದು ವಿಂಡೋಸನ್ನ ಕಳ್ಳದಾರೀಲಿ ಆ್ಯಕ್ಟಿವೇಟ್ ಮಾಡೋ ಟೂಲಿಗೆ. ಕೆಎಂಎಸ್ ಅನ್ನೋದು ಅಸಲಿಗೆ ದೊಡ್ಡ ಆಫೀಸುಗಳಿಗೆ ಇರೋ ವ್ಯವಸ್ಥೆ, ಒಂದು ಸರ್ವರ್ ಇಟ್ಟು ಕಮ್ಮಿ ಅಂದ್ರೂ 25 ಕಂಪ್ಯೂಟರ್ ಇದ್ರೆ ಮಾತ್ರ ಕೆಲಸ ಮಾಡ್ತದೆ, ಆ್ಯಕ್ಟಿವೇಷನ್ 180 ದಿನಕ್ಕೊಮ್ಮೆ ಮುಗೀತದೆ, ಅಷ್ಟರೊಳಗೆ ನವೀಕರಣ ಆಗ್ತಿರಬೇಕು. ಒಂಟಿ ಜೆರಾಕ್ಸ್ ಅಂಗಡಿ ಮಿಷನ್‌ಗೆ ಅದು ಹೇಗೆ ಬಂತು? ಈ ಟೂಲ್ ಮಿಷನ್ ಒಳಗೇ ಒಂದು ಸುಳ್ಳು ಸರ್ವರ್ ಕೂರಿಸ್ತದೆ, ನವೀಕರಣ ಮಾಡ್ತಾ ಇರೋಕೆ ಒಂದು ಸರ್ವೀಸೋ ಟಾಸ್ಕೋ ಇಡ್ತದೆ, ಡಿಫೆಂಡರ್ ಹಿಡೀಬಾರದು ಅಂತ ಎಕ್ಸ್‌ಕ್ಲೂಷನ್ ಹಾಕ್ಕೊಳ್ತದೆ. ನೀವೇ ನೋಡ್ಬಹುದು, ಕಮ್ಯಾಂಡ್ ಪ್ರಾಂಪ್ಟ್ ತೆಗೆದು ಎಸ್‌ಎಲ್‌ಎಂಜಿಆರ್ ಅಂತ ಹೊಡೆದು ಸ್ಪೇಸ್ ಕೊಟ್ಟು ಸ್ಲ್ಯಾಶ್ ಎಕ್ಸ್‌ಪಿಆರ್ ಅಂತ ಹಾಕಿ, ಪರ್ಮನೆಂಟ್ ಅನ್ನೋ ಬದಲು ಒಂದು ತಾರೀಖು ಬಂದ್ರೆ ಅದೇ.

ಈಗ ಆ ಎಕ್ಸ್‌ಕ್ಲೂಷನ್ ಯೋಚನೆ ಮಾಡಿ. ಪ್ರೋಗ್ರಾಮ್‌ಡೇಟಾ ಫೋಲ್ಡರಿಗೆ ಬಂದು ಕೂತದ್ದು ಯಾವುದೇ ಆಗ್ಲಿ ಡಿಫೆಂಡರ್ ಕಣ್ಣೆತ್ತಿ ನೋಡಲ್ಲ. ಮನೆಗೆ ಕಾವಲುಗಾರನ್ನ ಇಟ್ಟು ಹಿತ್ತಿಲ ಬಾಗಿಲ ಕಡೆ ಹೋಗ್ಬೇಡ ಅಂದ ಹಾಗೆ. ರೋಮಿಂಗ್‌ನಲ್ಲಿದ್ದ ವಿಬಿಎಸ್ಸು, ಟೆಂಪ್‌ನಲ್ಲಿದ್ದ ಹೆಲ್ಪರ್ರು ಎಕ್ಸ್‌ಕ್ಲೂಷನ್ ಹೊರಗಿದ್ವು, ಡಿಫೆಂಡರ್ ಕೈಗೆ ಸಿಕ್ಕಿಬಿದ್ವು, ಅವುಗಳ ಅನಾಥ ಸಾಲುಗಳು ದಿನಾ ಎರರ್ ಕೊಡ್ತಿವೆ. ಆ ಪವರ್‌ಶೆಲ್ (ವಿಂಡೋಸಿಗೆ ಕಮ್ಯಾಂಡ್ ಕೊಡೋ ಪ್ರೋಗ್ರಾಮ್) ಸಾಲು ಮಾತ್ರ ಜೀವಂತ. ಉದ್ದಕ್ಕೆ ಅಕ್ಷರ ಕಲಸಿ ಕೊನೇಲಿ ಈಸ್ ಈಕ್ವಲ್ ಟು ಬಂದಿದೆ ಅಂದ್ರೆ ಬೇಸ್64 ಅಂತ, ಏನು ಮಾಡ್ತದೆ ಅನ್ನೋದು ಕಣ್ಣಿಗೆ ಕಾಣಬಾರದು ಅಂತ ಹಾಗೆ ಬರೀತಾರೆ. ಸಾಮಾನ್ಯವಾಗಿ ಅಂಥದ್ದು ನೆಟ್‌ನಿಂದ ಏನನ್ನೋ ಇಳಿಸಿ ಫೈಲೇ ಮಾಡ್ದೆ ಮೆಮೊರಿಯಲ್ಲೇ ಓಡಿಸ್ತದೆ.

ಸುಮ್ನೆ ಬಾಕ್ಸ್ ಹೋಗ್ಬೇಕು ಅಂದ್ರೆ ದಾರಿ ಸುಲಭ. ಸಿಸಿಂಟರ್ನಲ್ಸ್‌ನ ಆಟೋರನ್ಸ್ ಅಂತ ಒಂದಿದೆ, ಮಾರ್ಕ್ ರುಸಿನೋವಿಚ್ ಮತ್ತು ಅವರ ಜೊತೆಗಾರರು ಶುರು ಮಾಡಿದ್ದು, 2006ರಲ್ಲಿ ಮೈಕ್ರೋಸಾಫ್ಟೇ ತಗೊಂಡ್ತು, ಮೈಕ್ರೋಸಾಫ್ಟ್ ಸೈಟಲ್ಲೇ ಫ್ರೀ ಸಿಗ್ತದೆ, ಬೇರೆ ಕಡೆಯಿಂದ ಇಳಿಸ್ಬೇಡಿ. ಅಡ್ಮಿನ್ ಆಗಿ ಓಡಿಸಿದ್ರೆ ಸ್ಟಾರ್ಟ್ ಆಗುವಾಗ ಎದ್ದೇಳೋ ಎಲ್ಲವನ್ನೂ ಒಂದೇ ಕಡೆ ತೋರಿಸ್ತದೆ, ಹಳದಿ ಬಣ್ಣದ ಸಾಲು ಅಂದ್ರೆ ಫೈಲ್ ಇಲ್ಲ, ಗುಲಾಬಿ ಅಂದ್ರೆ ಸಹಿ ಇಲ್ಲದ್ದು. ಮೊದಲು ಎಡಗಡೆಯ ಟಿಕ್ ತೆಗೀರಿ, ಒಂದೆರಡು ದಿನ ನೋಡಿ, ಆಮೇಲೆ ಡಿಲೀಟ್ ಮಾಡಿ. ಸರ್ವೀಸ್ ತೆಗೆಯೋಕೆ ಎಸ್‌ಸಿ ಡಿಲೀಟ್ ಕಮ್ಯಾಂಡೂ ಇದೆ, ಆದ್ರೆ ಅದನ್ನ ಕಮ್ಯಾಂಡ್ ಪ್ರಾಂಪ್ಟಲ್ಲೇ ಹೊಡೀಬೇಕು, ವಿಂಡೋಸ್ ಜೊತೆ ಬಂದಿರೋ ಪವರ್‌ಶೆಲ್ಲಲ್ಲಿ ಎಸ್‌ಸಿ ಅಂದ್ರೆ ಫೈಲಿಗೆ ಬರೆಯೋ ಬೇರೆಯೇ ಕಮ್ಯಾಂಡು, ಗೊತ್ತಿಲ್ದೆ ಹೊಡೆದು ಆಯ್ತು ಅಂದ್ಕೊಳ್ಳೋರು ಬಾಳ ಜನ.

ಆದ್ರೆ ನಿಮಗೆ ನಾನು ಅದನ್ನ ಹೇಳಲ್ಲ. ಮನೇಲಿ ಮಕ್ಕಳು ಆಟ ಆಡೋ ಮಿಷನ್ ಆಗಿದ್ರೆ ಟಾಸ್ಕ್ ಕಿತ್ತು, ಎಕ್ಸ್‌ಕ್ಲೂಷನ್ ಅಳಿಸಿ, ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಹಾಕಿ ನೋಡುವ ಅಂತಿದ್ದೆ. ಊರಿನವರ ಆಧಾರ್ ಓಡಾಡೋ ಮಿಷನ್, ಒಳಗೆ ಇನ್ನೇನು ಇಳಿಸಿದೆ ಅಂತ ಯಾರೂ ಪೂರ್ತಿ ಹೇಳೋಕಾಗಲ್ಲ. ಸುಮ್ನೆ_ಬಂದೆ ಅವರು ಒಂದು ಸಾಲಲ್ಲಿ ಹೇಳಿದ್ದೇ ಕೊನೆಗೆ ಸರಿ, ಫಾರ್ಮ್ಯಾಟೇ. ಆದ್ರೆ ಒಂದು ಗಂಟೆ ಕೆಲಸ ಅಲ್ಲ, ಮತ್ತೆ ಅದೇ ಅಂಗಡಿಯ ಅದೇ ಪೆನ್‌ಡ್ರೈವ್‌ನಿಂದ ಅಂತೂ ಅಲ್ಲವೇ ಅಲ್ಲ.

ಸುಮ್ನೆ_ಬಂದೆ

ನೋಡಿದ್ರಾ 😄

ಹಾಸನ್_ಹಾರ್ಡ್‌ವೇರ್

ನಾನು ಬಿಎಂ ರೋಡಲ್ಲಿ ಸರ್ವೀಸ್ ಸೆಂಟರ್ ಇಟ್ಟಿದ್ದೀನಿ (ಆ ಅಂಗಡಿ ನಂದಲ್ಲ!). ಎಲ್ಲಾರೂ ಅಂಗಡಿಯೋರನ್ನೇ ಬೈತೀರ, ಇರ್ಲಿ, ಆದ್ರೆ ನಮ್ಮ ಕಡೆದೂ ಕೇಳಿ. ಗಿರಾಕಿ ಬಂದು ಫಾರ್ಮ್ಯಾಟಿಗೆ ಎಷ್ಟು ಅಂತಾರೆ, ಐನೂರು ಅಂದ್ರೆ ಮುನ್ನೂರು ಮಾಡ್ಕೊಳ್ಳಿ ಅಂತಾರೆ, ಅದರಲ್ಲೇ ವಿಂಡೋಸು ಆಫೀಸು ಫೋಟೋದು ಎಲ್ಲಾ ಬೇಕು. ಲೈಸೆನ್ಸ್ ತಗೊಳ್ಳಿ ಸಾವಿರಾರು ರೂಪಾಯಿ ಆಗುತ್ತೆ ಅಂದ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ. ಪಕ್ಕದವನು ಹಾಕ್ಕೊಡ್ತಾನೆ. ನಾವೇನು ಮಣ್ಣು ತಿನ್ನೋದಾ?

ಕೊಪ್ಪದೋನು

ನಿಮ್ಮ ಕಷ್ಟ ಗೊತ್ತಾಗ್ತದೆ ಸರ್, ಜಗಳ ಇಲ್ಲ. ಆದ್ರೆ ಲೈಸೆನ್ಸ್ ಇಲ್ಲ ಅಂದ್ರೂ ವಿಂಡೋಸ್ ಓಡ್ತದೆ ಅಂತ ಗಿರಾಕಿಗೆ ಹೇಳಿ. ಮೂಲೇಲಿ ಆ್ಯಕ್ಟಿವೇಟ್ ವಿಂಡೋಸ್ ಅಂತ ನೀರಚ್ಚು ಬರ್ತದೆ, ಸೆಟ್ಟಿಂಗ್ಸ್‌ನಿಂದ ವಾಲ್‌ಪೇಪರ್ ಬದಲಾಯಿಸೋಕಾಗಲ್ಲ, ಅಪ್‌ಡೇಟ್ ಮಾತ್ರ ಬರ್ತಾನೇ ಇರ್ತದೆ. ಅದು ನಿಯಮದ ಪ್ರಕಾರ ಸರಿ ಅಂತ ನಾನು ಹೇಳ್ತಿಲ್ಲ, ಕ್ರ್ಯಾಕ್ ಹಾಕಿ ಡಿಫೆಂಡರ್ ಬಾಗಿಲು ತೆಗೆದಿಡೋದಕ್ಕಿಂತ ಸಾವಿರ ಪಾಲು ವಾಸಿ, ಲೈಸೆನ್ಸಿಗೆ ದುಡ್ಡು ಆದಾಗ ಕೀ ಹಾಕಿದ್ರಾಯ್ತು. ಆಫೀಸ್ ಬದಲು ಲಿಬ್ರೆಆಫೀಸ್ ಹಾಕಿ, ಪೂರ್ತಿ ಫ್ರೀ. ಬ್ರ್ಯಾಂಡೆಡ್ ಮಿಷನ್ ಆಗಿದ್ರೆ ಹೆಚ್ಚಿನದಕ್ಕೆ ಅಸಲಿ ಕೀ ಬಯೋಸ್ ಒಳಗೇ ಇರ್ತದೆ, ಅದೇ ಎಡಿಷನ್ ಹಾಕಿದ್ರೆ ತಾನಾಗೇ ಆ್ಯಕ್ಟಿವೇಟ್ ಆಗ್ತದೆ. ಅಂಥದಕ್ಕೂ ಕ್ರ್ಯಾಕ್ ಹಾಕಿಟ್ಟಿರೋದನ್ನ ನಾನೇ ನೋಡಿದ್ದೀನಿ, ಅದಕ್ಕೆ ಎಂತ ಹೇಳೋದು.

ಬೇಲೂರು_ಜೆರಾಕ್ಸ್

ನಂದು ಅಸೆಂಬಲ್ ಮಾಡಿಸಿದ್ದು. ಫಾರ್ಮ್ಯಾಟ್ ಮಾಡಿಸ್ತೀನಿ, ಆದ್ರೆ ಡಿ ಡ್ರೈವ್ ಉಳಿಸ್ಕೋಬೇಕು, ಮದುವೆ ಕಾರ್ಡಿನ ಕೋರೆಲ್ ಫೈಲುಗಳು, ಸ್ಕೂಲಿನೋರ ಪ್ರಶ್ನೆಪತ್ರಿಕೆ, ಎಲ್ಲಾ ಅದರಲ್ಲೇ ಇದೆ. ಸಿ ಮಾತ್ರ ಮಾಡಿದ್ರೆ ಸಾಕಾಗಲ್ವಾ?

ಅರಸೀಕೆರೆ_ಆನ್‌ಲೈನ್

ಅಲ್ಲೇ ಎಲ್ಲಾರೂ ಬೀಳೋದು ಅಕ್ಕ. ಸಿ ಮಾತ್ರ ಹೊಡೆಸ್ತಾರೆ, ಡಿ ಒಳಗೆ ಸಾಫ್ಟ್‌ವೇರ್ಸ್ ಅನ್ನೋ ಫೋಲ್ಡರಲ್ಲಿ ಆ ಕ್ರ್ಯಾಕ್ ಫೈಲು ಹಂಗೇ ಕೂತಿರ್ತದೆ, ನಾಳೆ ಪ್ರಿಂಟರ್ ಡ್ರೈವರ್ ಬೇಕು ಅಂತ ಅದೇ ಫೋಲ್ಡರ್ ತೆಗೀತೀರ, ಅಲ್ಲಿಂದ ಮತ್ತೆ ಶುರು. ನಿಮ್ಮ ಎಕ್ಸ್‌ಕ್ಲೂಷನ್‌ನಲ್ಲಿ ಎರಡನೇದು ಅದೇ ಫೋಲ್ಡರ್ ಅಲ್ವಾ.

ಹಿಂಗೆ ಮಾಡಿ. ಹೊರಗಿನ ಹಾರ್ಡ್‌ಡಿಸ್ಕಿಗೆ ಫೋಟೋ, ಪಿಡಿಎಫ್, ಕೋರೆಲ್, ವರ್ಡ್ ಫೈಲುಗಳನ್ನ ಮಾತ್ರ ಕಾಪಿ ಮಾಡ್ಕೊಳ್ಳಿ. ಫೋಲ್ಡರ್ ಆಪ್ಷನ್‌ನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಟಿಕ್ ಹಾಕ್ಕೊಂಡು ನೋಡಿ, ಇಎಕ್ಸ್‌ಇ, ವಿಬಿಎಸ್, ಬ್ಯಾಟ್, ಎಲ್‌ಎನ್‌ಕೆ (ಶಾರ್ಟ್‌ಕಟ್) ಅಂತ ಕೊನೆ ಇರೋದು ಒಂದೂ ಬೇಡ, ಸಾಫ್ಟ್‌ವೇರ್ಸ್ ಫೋಲ್ಡರ್ ಇಡಿಯಾಗಿ ಬಿಟ್ಟಾಕಿ, ಡ್ರೈವರ್‌ಗಳು ಕಂಪನಿ ಸೈಟಲ್ಲೇ ಸಿಕ್ತವೆ. ನುಡಿ ಫಾಂಟುಗಳನ್ನ ಮರೀಬೇಡಿ, ಹಳೇ ನುಡಿ ಫೈಲು ಫಾಂಟ್ ಇಲ್ದೆ ತೆಗೆದ್ರೆ ಎಲ್ಲಾ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಕಾಣ್ತವೆ, ಲಗ್ನಪತ್ರಿಕೆ ಹೋಯ್ತು ಅಂತ ಗಾಬರಿ ಆಗ್ಬೇಕಾಯ್ತದೆ.

ಶಾರ್ಟ್‌ಕಟ್ ಆಗಿರೋ ಪೆನ್‌ಡ್ರೈವ್‌ಗಳಲ್ಲಿ ಅಸಲಿ ಫೋಲ್ಡರ್ ಎಲ್ಲೂ ಹೋಗಿರಲ್ಲ, ಹಿಡನ್ ಮಾಡಿಟ್ಟಿರ್ತದೆ. ನೀವು ಆ ಬಾಣದ ಗುರ್ತಿನ ಮೇಲೆ ಡಬಲ್ ಕ್ಲಿಕ್ ಮಾಡಿದಾಗ ಫೋಲ್ಡರ್ರೂ ತೆಗೀತದೆ, ಜೊತೆಗೆ ವಿಬಿಎಸ್ಸೂ ಓಡ್ತದೆ, ಅದ್ಕೇ ಯಾರಿಗೂ ಅನುಮಾನ ಬರಲ್ಲ. ಕಮ್ಯಾಂಡ್ ಪ್ರಾಂಪ್ಟಲ್ಲಿ ಅಟ್ರಿಬ್ ಅಂತ ಹೊಡೆದು ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್, ಆಮೇಲೆ ಪೆನ್‌ಡ್ರೈವಿನ ಅಕ್ಷರ ಕೋಲನ್ ಬ್ಯಾಕ್‌ಸ್ಲ್ಯಾಶ್ ಸ್ಟಾರ್ ಡಾಟ್ ಸ್ಟಾರ್, ಕೊನೇಲಿ ಸ್ಲ್ಯಾಶ್ ಎಸ್ ಸ್ಲ್ಯಾಶ್ ಡಿ, ನಡುನಡುವೆ ಸ್ಪೇಸ್ ಬಿಡಿ. ಎಲ್ಲಾ ಹೊರಗೆ ಬತ್ತವೆ. ಆಮೇಲೆ ಶಾರ್ಟ್‌ಕಟ್‌ಗಳನ್ನ ಅಳಿಸಿ. ಫಾರ್ಮ್ಯಾಟ್ ಆದ ಮೇಲೆ ಮಾಡಿ ಇದನ್ನ, ಈಗಿನ ಮಿಷನಲ್ಲಿ ಮಾಡಿದ್ರೆ ಮತ್ತೆ ಅಂಟಿಕೊಳ್ತದೆ.

ಪೆನ್‌ಡ್ರೈವ್ ಬರೋದನ್ನ ನಿಲ್ಸೋಕಾಗಲ್ಲ ನಮ್ಮ ಕಸುಬಲ್ಲಿ, ಎಸ್‌ಎಸ್‌ಎಲ್‌ಸಿ ಟೈಮಲ್ಲಿ ಮೇಷ್ಟ್ರುಗಳು ಬೊಗಸೆ ತುಂಬಾ ತರ್ತಾರೆ. ನಾನು ಮಾಡೋದು ಏನಂದ್ರೆ ಹಳೇ ಆಂಡ್ರಾಯ್ಡ್ ಫೋನಿಗೆ ಓಟಿಜಿ ಕೇಬಲ್ ಹಾಕಿಟ್ಟಿದ್ದೀನಿ. ಪೆನ್‌ಡ್ರೈವ್ ಮೊದಲು ಫೋನಿಗೆ ಚುಚ್ಚಿ, ಬೇಕಾದ ಪಿಡಿಎಫ್ ಮಾತ್ರ ವಾಟ್ಸಾಪ್ ವೆಬ್‌ಗೆ ಕಳಿಸ್ಕೊಂಡು ಪ್ರಿಂಟ್ ಹೊಡೀತೀನಿ. ವಿಂಡೋಸಿನ ವಿಬಿಎಸ್ಸು ಇಎಕ್ಸ್‌ಇ ಫೋನಲ್ಲಿ ಓಡಲ್ಲ. ಹೆಚ್ಚು ಅಂದ್ರೆ ಅರ್ಧ ನಿಮಿಷ ತಡ ಆಯ್ತದೆ, ಮುಂಗೋಪಿ ಗಿರಾಕಿಗಳು ಗೊಣಗ್ತಾರೆ, ಗೊಣಗ್ಲಿ. ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಸೈಟಲ್ಲಿ ಬಾಟ್ ತೆಗೆಯೋ ಟೂಲುಗಳು, ಯುಎಸ್‌ಬಿ ಪ್ರತಿರೋಧ್ ಅಂತ ಪೆನ್‌ಡ್ರೈವ್ ತಡೆಯೋ ಸಾಫ್ಟ್‌ವೇರೂ ಫ್ರೀ ಐತೆ, ಅದನ್ನೂ ನೋಡಿ.

ಕೊಪ್ಪದೋನು

ಅರಸೀಕೆರೆಯವರು ಹೇಳಿದ್ದು ನೂರಕ್ಕೆ ನೂರು. ಓಟಿಜಿ ಉಪಾಯ ನಂಗೂ ಹೊಳೆದಿರಲಿಲ್ಲ.

ಇನ್‌ಸ್ಟಾಲ್ ಪೆನ್‌ಡ್ರೈವನ್ನ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದಲೇ ಮಾಡ್ಕೊಳ್ಳಿ, 8 ಜಿಬಿದು ಸಾಕು, ಆದ್ರೆ ಬೇರೆ ಒಳ್ಳೇ ಕಂಪ್ಯೂಟರಲ್ಲಿ ಮಾಡಿ. ಇನ್‌ಸ್ಟಾಲ್ ಮಾಡುವಾಗ ಇರೋ ಪಾರ್ಟಿಷನ್‌ಗಳನ್ನೆಲ್ಲ ಡಿಲೀಟ್ ಮಾಡಿ ಖಾಲಿ ಡಿಸ್ಕಿಗೆ ಹಾಕಿ. ಬ್ಯಾಕಪ್ ಸರಿಯಾಗಿ ತೆರೀತದಾ ಅಂತ ನೋಡ್ಕೊಂಡೇ ಈ ಕೆಲಸ, ಡಿಲೀಟ್ ಆದ್ಮೇಲೆ ಅಯ್ಯೋ ಅಂದ್ರೆ ಬರಲ್ಲ.

ಒಂದು ಬೇಜಾರಿನ ವಿಷಯ, ನಿಮ್ಮ ಆರನೇ ಜನರೇಷನ್ ಐ3ಗೆ ವಿಂಡೋಸ್ 11 ಅಧಿಕೃತವಾಗಿ ಹಾಕೋಕಾಗಲ್ಲ, ಇಂಟೆಲ್‌ನಲ್ಲಿ ಎಂಟನೇ ಜನರೇಷನ್ ಮತ್ತು ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಕೇಳ್ತದೆ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ಎಕ್ಸ್‌ಟೆಂಡೆಡ್ ಅಪ್‌ಡೇಟಿಗೆ ಸೇರ್ಕೊಂಡ್ರೆ 2026ರ ಅಕ್ಟೋಬರ್ 13ರವರೆಗೆ. ಹಾಗಾಗಿ ಈಗ ದುಬಾರಿ ಲೈಸೆನ್ಸ್ ತಗೊಂಡು ಈ ಮಿಷನ್‌ಗೆ ಹಾಕೋದಕ್ಕಿಂತ ಅದೇ ದುಡ್ಡನ್ನ ವಿಂಡೋಸ್ ಜೊತೆಗೇ ಬರೋ ಹೊಸ ಮಿಷನ್‌ಗೆ ಎತ್ತಿಡೋದು ಜಾಣತನ ಅನ್ನಿಸ್ತದೆ ನಂಗೆ. ಹಳೇದನ್ನ ಬರೀ ಪ್ರಿಂಟಿಗೆ ಇಟ್ಕೊಳ್ಳಿ, ಬೆರಳಚ್ಚು ಮತ್ತೆ ಲಾಗಿನ್ ಕೆಲಸ ಹೊಸದರಲ್ಲಿ.

ಬರೀ ಪ್ರಿಂಟಿನ ಮಿಷನ್‌ನಲ್ಲಿ ವಿಂಡೋಸ್ ಸ್ಕ್ರಿಪ್ಟ್ ಹೋಸ್ಟನ್ನೇ ಮುಚ್ಚಿಡಬಹುದು. ರಿಜಿಸ್ಟ್ರಿಯಲ್ಲಿ ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್, ಸೆಟ್ಟಿಂಗ್ಸ್ ಅಂತ ಹೋಗಿ ಎನೇಬಲ್ಡ್ ಅನ್ನೋ ಡಿವರ್ಡ್ ಮಾಡಿ ಸೊನ್ನೆ ಕೊಟ್ರೆ ಪೆನ್‌ಡ್ರೈವಿನ ವಿಬಿಎಸ್ ಒಂದೂ ಓಡಲ್ಲ. ಮೇಲೆ ಹೇಳಿದ ಎಸ್‌ಎಲ್‌ಎಂಜಿಆರ್ ಕೂಡ ಒಳಗೆ ವಿಬಿಎಸ್ಸೇ ಆದ್ದರಿಂದ ಅದೂ ಓಡಲ್ಲ, ಆಗ ಗಾಬರಿ ಬೇಡ. ವಿಬಿಸ್ಕ್ರಿಪ್ಟನ್ನ ಕೈಬಿಡ್ತೀವಿ ಅಂತ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ, ಮುಂದೆ ಹೇಗೂ ಹೋಗೋದೇ.

ಬೇಲೂರು_ಜೆರಾಕ್ಸ್

ನಮ್ಮ ಯಜಮಾನರ ತಮ್ಮ ಚಿಕ್ಕಮಗಳೂರಲ್ಲಿ ಇದ್ದಾನೆ, ಅವನ ಲ್ಯಾಪ್‌ಟಾಪಲ್ಲಿ ಪೆನ್‌ಡ್ರೈವ್ ಮಾಡಿಸ್ಕೊಂಡು ಭಾನುವಾರ ಅಂಗಡಿ ಬಾಗಿಲು ಹಾಕಿ ಕೂತು ಮಾಡಿದ್ವಿ. ಬಾಕ್ಸೂ ಇಲ್ಲ ಕಪ್ಪು ಕಿಟಕಿನೂ ಇಲ್ಲ. ಬೆರಳಚ್ಚು ಮಿಷನ್‌ದು ಕಂಪನಿ ಸೈಟಿಂದ ಹಾಕಿದ್ವಿ, ಸ್ವಲ್ಪ ಸತಾಯಿಸ್ತು, ಆಯ್ತು. ಹೊರಗಿನ ಹಾರ್ಡ್‌ಡಿಸ್ಕ್ ಸ್ಕ್ಯಾನ್ ಮಾಡಿದಾಗ ಶಾಲೆ ಫೋಲ್ಡರ್ ಒಳಗೆ ಒಂದು ಎಲ್‌ಎನ್‌ಕೆ ಸಿಕ್ತು, ಅಳಿಸಿದ್ವಿ.

ಈಗ ಒಂದೇ ಅನುಮಾನ. ಪಾಸ್‌ವರ್ಡ್‌ಗಳನ್ನ ಬದಲಾಯಿಸ್ಬೇಕಾ? ಎಲ್ಲಾ ಕ್ರೋಮಲ್ಲೇ ಸೇವ್ ಮಾಡಿದ್ದೆ. ದುಡ್ಡೇನೂ ಹೋಗಿಲ್ಲ ಸದ್ಯಕ್ಕೆ.

ಕೊಪ್ಪದೋನು

ಬದಲಾಯಿಸ್ಲೇಬೇಕು, ಇವತ್ತೇ. ಬ್ರೌಸರಲ್ಲಿ ಸೇವ್ ಮಾಡಿದ ಪಾಸ್‌ವರ್ಡ್ ಕದಿಯೋದೇ ಇಂಥವುಗಳ ಮೊದಲ ಕೆಲಸ. ಮೊದಲು ಜಿಮೇಲ್, ಯಾಕಂದ್ರೆ ಉಳಿದದ್ದೆಲ್ಲ ರೀಸೆಟ್ ಆಗೋದು ಅದರಿಂದ, ಆಮೇಲೆ ಬ್ಯಾಂಕು, ಆಮೇಲೆ ನಿಮ್ಮ ಆಪರೇಟರ್ ಲಾಗಿನ್‌ಗಳು. ಪಾಸ್‌ವರ್ಡ್ ಬದಲಾಯಿಸಿದ್ರೂ ಹಳೇ ಸೆಷನ್ ಕೆಲವು ಕಡೆ ತೆರೆದೇ ಇರ್ತದೆ, ಅದಕ್ಕೆ ಗೂಗಲ್ ಅಕೌಂಟಿನ ಯುವರ್ ಡಿವೈಸಸ್‌ಗೆ ಹೋಗಿ ಗೊತ್ತಿಲ್ಲದ್ದನ್ನೆಲ್ಲ ಸೈನ್ ಔಟ್ ಮಾಡಿ, ಟೂ ಸ್ಟೆಪ್ ವೆರಿಫಿಕೇಷನ್ ಹಾಕಿ. ವಾಟ್ಸಾಪಲ್ಲಿ ಲಿಂಕ್ಡ್ ಡಿವೈಸಸ್ಸೂ ನೋಡಿ. ಬ್ಯಾಂಕಿಂದ ಗೊತ್ತಿಲ್ಲದೆ ಹಣ ಹೋದ ಮೆಸೇಜ್ ಬಂದ್ರೆ ಯೋಚನೆ ಮಾಡ್ತಾ ಕೂರ್ಬೇಡಿ, 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡ್ತೀರೋ ಹಣ ತಡೆಹಿಡಿಯೋ ಸಾಧ್ಯತೆ ಅಷ್ಟು ಜಾಸ್ತಿ.

ಅರಸೀಕೆರೆ_ಆನ್‌ಲೈನ್

ಇನ್ನೊಂದು ಸೇರಿಸ್ತೀನಿ ಅಕ್ಕ, ಹೊಸ ವಿಂಡೋಸಲ್ಲಿ ಅಡ್ಮಿನ್ ಅಕೌಂಟಿಗೆ ಪಾಸ್‌ವರ್ಡ್ ಹಾಕಿ ಪಕ್ಕಕ್ಕಿಟ್ಟು ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಯೂಸರ್ ಮಾಡ್ಕೊಳ್ಳಿ. ಸರ್ವೀಸ್ ಇನ್‌ಸ್ಟಾಲ್ ಮಾಡೋಕೆ, ಎಕ್ಸ್‌ಕ್ಲೂಷನ್ ಹಾಕೋಕೆ ಅಡ್ಮಿನ್ ಪಾಸ್‌ವರ್ಡ್ ಬೇಕೇ ಬೇಕು. ಅಂಗಡೀಲಿ ಕೆಲಸಕ್ಕಿರೋ ಹುಡುಗ್ರಿಗೆ ಆ ಪಾಸ್‌ವರ್ಡ್ ಕೊಡ್ಬೇಡಿ, ಕೊಟ್ರೆ ಮಾರನೇ ದಿನ ಗೇಮ್ ಬಂದು ಕೂತಿರ್ತದೆ.